ಮೂರನೆಯ ಕಾಯಿಲ್

ಪ್ರೀತಿಯ ಅತ್ತೆ,

ಮಾವ ಬಿಟ್ಟುಹೋದ ಪಿಕಪ್ಪನ್ನು ದಯವಿಟ್ಟು ಮಾರಬೇಡಿ, ಅದರ ಇಂಜಿನ್ ಕೆಟ್ಟಿಲ್ಲ! ಅದೇಕೆ ಹಾಗೆ ನಡುಗುತ್ತದೆಂದು ತಿಳಿಯದೆ ನನಗೆ ಊಟವೇ ಸೇರಲಿಲ್ಲ. ಅಂಗಳದಲ್ಲೇ ಇಂಜಿನ್ ಚಾಲೂ ಮಾಡಿ, ಕಿಡಿ ಕೊಡುವ ಕಾಯಿಲ್‌ಗಳ ವೈರನ್ನು ಒಂದೊಂದಾಗಿ ಬಿಡಿಸಿದೆ. "ಕೆಟ್ಟುಹೋದ್ರೆ ಅಮ್ಮನಿಗೆ ನೀನೇ ಹೇಳ್ಕೋ," ಎಂದು ನಿಮ್ಮ ಮಗ ಮಾರು ದೂರ ನಿಂತಿದ್ದರು. ಮೂರನೆಯದನ್ನು ಬಿಡಿಸಿದಾಗ ಮಾತ್ರ ಸದ್ದು ಒಂಚೂರೂ ಬದಲಾಗಲಿಲ್ಲ, ಅಂದರೆ ಅಲ್ಲಿ ಮೊದಲೇ ಕಿಡಿ ಹುಟ್ಟುತ್ತಿರಲಿಲ್ಲ. ಅದನ್ನೂ ಮೊದಲನೆಯದನ್ನೂ ಅದಲುಬದಲು ಮಾಡಿದರೆ, ರೋಗವೂ ಅದರ ಬೆನ್ನಿಗೇ ಮೊದಲನೆಯ ಜಾಗಕ್ಕೆ ಹೋಯಿತು! ಹೊಸ ಕಾಯಿಲ್ ಹಾಕಿದ್ದೇ ತಡ, ನಡುಕ ನಿಂತಿತು.

ಕೊಳ್ಳುವವರಿಗೆ ಇಲ್ಲವೆಂದುಬಿಡಿ. ಭಾನುವಾರ ಅತ್ತಿಗೆಯ ಮನೆಗೆ ಅದರಲ್ಲೇ ಬಂದು ನಿಮ್ಮನ್ನು ಕರೆತರುತ್ತೇವೆ. ಮುಂದಿನ ಸೀಟಿನಲ್ಲಿ ನಿಮ್ಮ ಶಾಲು ಮಾವ ಮಡಿಸಿಟ್ಟ ಹಾಗೇ ಇದೆ. ನನ್ನ ಮಸಿಗೈಯಿಂದ ಮುಟ್ಟಿಲ್ಲ, ನೀವೇ ತೆಗೆದು ಕೂರಬೇಕು.

ನಿಮ್ಮ ಹೊಸ ಸೊಸೆ