ನಿಲ್ಲು ಎಂಬ ಮಾತು

ವರ್ತಕ ನಗರ, ಠಾಣೆ
೭ ಆಗಸ್ಟ್ ೨೦೨೫

ತಂಗಿ ದೇವೀರಿಗೆ ಅಕ್ಕ ಪುಟ್ಟಮ್ಮನ ಆಶೀರ್ವಾದಗಳು.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಮ್ಮ ಚಿನ್ನು ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾಳೆ. ಫೋನಿನಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಡೆದದ್ದನ್ನು ನನಗೆ ಮೊದಲು ಹೇಳಿದವಳು ಅವಳ ಜೊತೆಯ ಹುಡುಗಿ ಮಾನಸಿ, ಚಿನ್ನು ಬಿದ್ದ ಮರುದಿನ ಮಧ್ಯಾಹ್ನ. ಎಲೆಯಡಿಕೆ ಹಾಕಿಕೊಂಡು ಕೂತು ಓದು.

ಇಲ್ಲಿಯ ಕನ್ನಡ ಯುವ ಬಳಗದ ಹುಡುಗಿಯರು ಈ ಸಲ ಗೋಕುಲಾಷ್ಟಮಿಗೆ ಮೊಸರುಕುಡಿಕೆ ಒಡೆಯಲು ತಂಡ ಕಟ್ಟಿದ್ದಾರೆ. ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗೋಪುರವಾಗಬೇಕು. ನನ್ನ ದೊಡ್ಡ ಮೊಮ್ಮಗಳು ಯಾಮಿನಿ ನಾಯಕಿ. ಕೆಳಗೆ ನಿಂತು ಸೀಟಿ ಊದುವವಳು, ಕೂಗಿ ಹೇಳುವವಳು. ಅವಳ ತಂಗಿ ಚಿನ್ನು, ಹದಿನೈದು ತುಂಬಿದ ಹಗುರ ಹುಡುಗಿ, ತುದಿಗೆ ಹತ್ತುವವಳು. ಅವಳಿಗೆ ಹೆಗಲು ಕೊಡುವವಳು ನಡುಸಾಲಿನ ಮಾನಸಿ. ಕೋಪರಿಯಲ್ಲಿ ಮನೆ, ಅಪ್ಪ ಲತೇಶ್ ನೌಪಾಡಾದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾರೆ. ಬಳಗದ ಹಿರಿಯ ಸೂರ್ಯನಾರಾಯಣ ಅವರದು ಒಂದೇ ಹಟ: "ಮಕ್ಕಳಿಗೆ ಧೈರ್ಯ ಬರ್ಲಿ, ಶಿಸ್ತು ಬರ್ಲಿ, ಕೂಗು ಮಾತ್ರ ಕನ್ನಡದಲ್ಲೇ ಇರ್ಲಿ." ಇಲ್ಲಿ ಹುಟ್ಟಿದ ಮಕ್ಕಳು ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತವೆ. ಆದರೂ ಒಪ್ಪಿಕೊಂಡವು.

ಅಂದು ಅಭ್ಯಾಸದಲ್ಲಿ ನಡುಸಾಲಿನವರು ಕೆಳಗಿನವರ ಹೆಗಲ ಮೇಲೆ ಕುಕ್ಕರುಗಾಲಿನಲ್ಲಿದ್ದರು. ಸೀಟಿ ಊದಿದ ಮೇಲೆ ಏಳಬೇಕು. ಮಾನಸಿಯ ಹೆಗಲ ಮೇಲೆ ಚಿನ್ನುವಿನ ಕಾಲು ನಡುಗುವುದು ಯಾಮಿನಿಗೆ ಕಂಡಿತು. ಸೀಟಿ ಊದದೆ "ನಿಲ್ಲು" ಎಂದು ಕೂಗಿದಳು. ಮಾನಸಿ ಎದ್ದು ನಿಂತಳು. ಚಿನ್ನು ಹಾಸಿದ್ದ ಗಾದಿಯಾಚೆ ನೆಲಕ್ಕೆ ಬಿದ್ದಳು.

ಸೀಟಿಗೆ ಮೊದಲೇ ಎದ್ದವಳು ಎಂದು ಎಲ್ಲರೂ ಮಾನಸಿಯನ್ನೇ ದೂರಿದರು. ಮರುದಿನ ಅವಳು ಚಿನ್ನುವನ್ನು ನೋಡಲು ಬಂದರೆ ನನ್ನ ಸೊಸೆ ಬಾಗಿಲಲ್ಲೇ ಮಾತು ಮುಗಿಸಿದಳು. ನಾನು ಮೆಟ್ಟಿಲಿಳಿದು ಅವಳ ಹಿಂದೆ ಹೋದೆ.

"ಅಜ್ಜೀ, ದೀದಿನೇ ನಿಲ್ಲು ಬೋಲಿ. ನಿಲ್ಲು ಮತ್ಲಬ್ ಖಡೇ ಹೋ ಜಾವೋ, ಹೈ ನಾ?"

ಒಂದೇ ಮಾತು, ದೇವೀರಿ. ಯಾಮಿನಿ ಅಂದದ್ದು ಅಲುಗಬೇಡ ಎಂದು. ಇವಳು ಕೇಳಿದ್ದು ಎದ್ದು ನಿಲ್ಲು ಎಂದು.

ಶನಿವಾರದ ಸಭೆಯಲ್ಲಿ ಮಾನಸಿಯನ್ನು ತಂಡದಿಂದ ತೆಗೆಯುವುದೆಂದು ಮಾತಾಗಿತ್ತು. ಆ ರಾತ್ರಿ ಯಾಮಿನಿ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಿದ್ದಳು, ಬಾಯಿಗಿಡುತ್ತಿರಲಿಲ್ಲ.

"ಮಾನಸಿ ಬಂದಿದ್ಲು ಕಣೆ."

"ಏನಂದ್ಲು?"

"ನೀನಂದಿದ್ದನ್ನೇ ಅಂದ್ಲು."

ಎದ್ದು ಕೈ ತೊಳೆದುಕೊಂಡಳು. ನಾನೇ ಹೇಳಿಬಿಡೋಣವೆಂದು ನಾಲಿಗೆ ತುರಿಸಿತು. ಅವಳ ಬಾಯಲ್ಲೇ ಬರಲಿ ಎಂದು ಸಭೆಯ ತನಕ ಹಲ್ಲು ಕಚ್ಚಿಕೊಂಡಿದ್ದೆ.

ಸಭೆಯಲ್ಲಿ ಸೂರ್ಯನಾರಾಯಣ, "ಸೀಟಿಗೆ ಕಾಯದೇ ಇರೋರು ನಮಗೆ ಬೇಡ" ಎಂದರು.

ಡ್ಯೂಟಿ ಬಿಟ್ಟು ಬಂದಿದ್ದ ಲತೇಶ್, "ಕ್ಯಾಪ್ಟನ್ ಹೇಳಿದ್ದು ಉಂಟಂತೆ ಸರ್, ಒಂದು ಮಾತು ಕೇಳಿ" ಎಂದರು.

"ಈಗ ಕ್ಯಾಪ್ಟನ್ ಮೇಲೆ ಹಾಕ್ತೀರಾ?" ಎಂದು ನನ್ನ ಮಗ ಸುಮುಖ ಗದರಿದ.

ಎಲ್ಲರೂ ಯಾಮಿನಿಯನ್ನು ನೋಡಿದರು. ಅವಳು ನೆಲ ನೋಡುತ್ತಿದ್ದಳು. ಲತೇಶ್ ಮಗಳ ಕೈ ಹಿಡಿದು ಎದ್ದರು. ಬಾಗಿಲ ತನಕ ಹೋಗಿ ಚಪ್ಪಲಿಗೆ ಕಾಲು ತೂರಿಸಿದರು.

"ಅಂಕಲ್, ಹೋಗ್ಬೇಡಿ" ಎಂದಳು ಯಾಮಿನಿ. "ನಿಲ್ಲು ಅಂದಿದ್ದು ನಾನೇ. ಅಲ್ಲಾಡ್ಬೇಡ ಅಂತ ಅಂದೆ, ಅವಳಿಗೆ ಎದ್ದೇಳು ಅಂತ ಕೇಳಿಸ್ತು. ಆವತ್ತೇ ನಂಗೆ ಗೊತ್ತಾಗಿತ್ತು. ಇಷ್ಟು ದಿನ ಸುಮ್ನಿದ್ದೆ." ಕೊರಳಿನ ಸೀಟಿ ತೆಗೆದು ಮೇಜಿನ ಮೇಲಿಟ್ಟಳು. ಸುಮುಖ ತಲೆ ತಗ್ಗಿಸಿದ.

ಅದನ್ನು ಕೇಳಿದ ಹುಡುಗಿಯರೆಲ್ಲ ಮರುದಿನ ಬೆಳಗ್ಗೆ ಮೈದಾನಕ್ಕೆ ಬಂದರು, ಮಾನಸಿಯೂ ಬಂದಳು. ಹತ್ತುವ ಮೊದಲು ಮಾತು ಆರಿಸಿಕೊಂಡರಂತೆ. ಅಲುಗಬಾರದು ಎನ್ನಲು "ತಡಿ". ಎದ್ದು ನಿಲ್ಲಲು "ಏಳು" ಎಂದು ಯಾರೋ ಹೇಳಿದರೆ ಮಾನಸಿ, "ಏಳು ತೋ ಸಾತ್ ಹೋತಾ ಹೈ, ಫಿರ್ ಗಿರೇಂಗೆ", ಏಳೆಂದರೆ ಲೆಕ್ಕದ ಏಳಾಗುತ್ತೆ, ಮತ್ತೆ ಬೀಳುತ್ತೇವೆ, ಎಂದು ಎಲ್ಲರನ್ನೂ ನಗಿಸಿದಳಂತೆ. ಕೊನೆಗೆ "ಮೇಲೆ" ಎಂದು ಮಾಡಿಕೊಂಡರು. ಸೀಟಿ ಮಾನಸಿಯ ಕೊರಳಿಗೆ ಹೋಯಿತು. ಯಾಮಿನಿ ಕೆಳಸಾಲಿನಲ್ಲಿ ಹೆಗಲು ಕೊಟ್ಟು ನಿಂತಳು.

ಮಂಡಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ನಿನ್ನ ಮನೆಯ ಮಕ್ಕಳೆಲ್ಲ ಗಟ್ಟಿಮುಟ್ಟಾಗಿರಲಿ ಎಂದು ಹರಸುವ,

ನಿನ್ನ ಅಕ್ಕ
ಪುಟ್ಟಮ್ಮ

ಮಡಿಸುವ ಮುಂಚೆ ಇನ್ನೊಂದು ಮಾತು: ನಿನ್ನೆ ಯಾಮಿನಿ ಮಳೆಯಲ್ಲಿ ಕೊಡೆ ಮರೆತು ಹೊರಟಳು. ರೂಢಿಯಂತೆ "ನಿಲ್ಲು" ಎಂದು ಕೂಗಿಬಿಟ್ಟೆ. ಗೇಟಿನ ಹತ್ತಿರ ಹಾಗೇ ನಿಂತಳು, ತಿರುಗಲಿಲ್ಲ. ಹೋಗಿ ನೋಡಿದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಏನೋ ಬೀಳುವ ಸದ್ದಿಗೆ ಕಾದವಳ ಹಾಗೆ ನೆನೆಯುತ್ತಿದ್ದಳು. ಅವಳು ಕೂಸಾಗಿದ್ದಾಗ ಎರಡೂ ಕೈ ಹಿಡಿದು "ನಿಲ್ಲು ಕಂದಾ, ನಿಲ್ಲು" ಎಂದು ಮೊದಲ ಸಲ ನಿಲ್ಲಿಸಿದ್ದು ನಾನೇ ಅಲ್ಲವೇ ದೇವೀರಿ, ನೀನೂ ಪಕ್ಕದಲ್ಲಿದ್ದೆ. ಇನ್ನು ಅವಳನ್ನು ಏನೆಂದು ಕರೆದು ನಿಲ್ಲಿಸಲಿ? ಬರೆ.