ನಾಲ್ಕು ಗಂಟೆಯವರೆಗೆ ನೀರಿಲ್ಲ

ಔರಾದ,
ರವಿವಾರ, ೨೬ ಸೆಪ್ಟೆಂಬರ್ ೧೯೪೮

ಚಿರಂಜೀವಿ ಪುತಳಾಬಾಯಿಗೆ ತಂದೆಯ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಮೀರಜದ ಆಸ್ಪತ್ರೆಯ ಊಟ ಈಗಲಾದರೂ ಒಗ್ಗಿತೇ? ನಾನು ಆರೋಗ್ಯವಾಗಿದ್ದೇನೆ. ನಿನ್ನ ತಾಯಿ ಭಾಲ್ಕಿಯಲ್ಲಿ ತನ್ನ ಅಣ್ಣನ ಮನೆಯಲ್ಲಿ ಕ್ಷೇಮವಾಗಿದ್ದಾಳೆ. ಸೈನ್ಯ ಬಂದು ವಾರ ಕಳೆಯಿತು. ನಿಜಾಮರ ಆಡಳಿತ ಮುಗಿಯಿತೆಂದು ಎಲ್ಲರೂ ಹೇಳುತ್ತಾರೆ. ದವಾಖಾನೆಯ ರಜಿಸ್ಟರನ್ನು ಮಾತ್ರ ನಾನು ಇನ್ನೂ ಉರ್ದುವಿನಲ್ಲೇ ಬರೆಯುತ್ತಿದ್ದೇನೆ, ಬೇಡವೆಂದು ಯಾರೂ ಹೇಳಿಲ್ಲ.

ಬರುವ ತಿಂಗಳು ನಿನಗೆ ವಾರ್ಡಿನ ಉಸ್ತುವಾರಿ ಕೊಡುತ್ತಾರೆಂದೂ, ಯಾವ ಕೆಲಸವನ್ನು ಯಾರಿಗೆ ಒಪ್ಪಿಸುವುದೆಂದು ತಿಳಿಯದೆ ಎಲ್ಲವನ್ನೂ ನೀನೇ ಮಾಡಲು ಹೋಗಿ ಬೈಸಿಕೊಂಡೆಯೆಂದೂ ಬರೆದಿದ್ದೀ. ಮೂವತ್ತು ವರ್ಷ ಕಂಪೌಂಡರನಾಗಿರುವವನಿಗೆ ಉಪದೇಶ ಸುಲಭ. ಅದರ ಬದಲು ಮೊನ್ನೆ ಶುಕ್ರವಾರ ನಡೆದದ್ದನ್ನು ತಿಳಿಸುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಡಾಬಕಾದಿಂದ ದತ್ತಾತ್ರಿಯೆಂಬ ಕುರಿಗಾಹಿಯನ್ನು ಬಂಡಿಯಲ್ಲಿ ತಂದರು. ಸೈನ್ಯಕ್ಕೆ ಹೆದರಿ ಓಡುತ್ತಿದ್ದ ರಜಾಕಾರರ ಗುಂಪೊಂದು ಹಾರಿಸಿದ ಗುಂಡು ಅವನ ಹೊಟ್ಟೆಗೆ ತಗುಲಿತ್ತು. ಡಾಕ್ಟರರು ಬೀದರಿನಲ್ಲಿದ್ದರು, ಶಸ್ತ್ರಕ್ರಿಯೆಯೂ ಅಲ್ಲಿಯೇ ಆಗಬೇಕು, ಕರೆದೊಯ್ಯುವ ಸೈನ್ಯದ ಲಾರಿ ಬರುವುದು ನಾಲ್ಕು ಗಂಟೆಗೆ. ಅಲ್ಲಿಯವರೆಗೆ ಅವನಿಗೆ ಒಂದು ಗುಟುಕು ನೀರನ್ನೂ ಕೊಡಕೂಡದು. ಕರುಳು ತೂತಾದವನು ನೀರು ಕುಡಿದರೆ ಏನಾಗುವುದೆಂದು ನಿನಗೆ ಹೇಳಬೇಕಿಲ್ಲ. ಅವನು ಕೇಳುತ್ತಿದ್ದುದಾದರೋ ನೀರೊಂದನ್ನೇ. ಪಕ್ಕದ ಕೋಣೆಯಲ್ಲಿ ಇನ್ನೂ ಹನ್ನೊಂದು ಗಾಯಾಳುಗಳಿದ್ದರು. ಅವರಿಗೆ ಹೊಲಿಗೆ ಹಾಕಿ ಪಟ್ಟಿ ಕಟ್ಟಲು ನನ್ನ ಹೊರತು ಯಾರೂ ಇರಲಿಲ್ಲ. ದತ್ತಾತ್ರಿಯ ನಾಡಿ ನೋಡುವುದನ್ನು ನಾನೇ ಇಟ್ಟುಕೊಂಡೆ. ನೀರು ತಡೆಯುವ ಕೆಲಸವನ್ನು ಅವನ ತಾಯಿ ಗಂಗುಬಾಯಿಗೆ ಕೊಡುವಂತಿರಲಿಲ್ಲ. ಆಯಾ ಕುಬರಾಳಿಗೆ ಕೊಟ್ಟೆ. ಸಂತಪುರದ ಕುಬರಾ, ನಿನ್ನ ಜಡೆಯನ್ನು ಬಿಗಿಯಾಗಿ ಹೆಣೆದು ನಿನ್ನನ್ನು ಅಳಿಸುತ್ತಿದ್ದವಳು. ಅವಳಿಗೆ ಎರಡೇ ಮಾತು ಹೇಳಿದೆ: ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿರು, ಹೊಟ್ಟೆ ಕಲ್ಲಿನಂತಾದರೆ ನನ್ನನ್ನು ಕೂಗು.

ಒಂಬತ್ತಕ್ಕೆ ಗಂಗುಬಾಯಿ ಸೆರಗಿನಡಿ ತಂಬಿಗೆ ತಂದಳು. ಕುಬರಾ ಅದನ್ನು ಕೈಯಿಂದ ಬಿಡಿಸಿಕೊಂಡಳು. ಗಂಗುಬಾಯಿ ಕೂಗಿಕೊಂಡಳು. “ಬಾಯಿಲ್ಲದ ಕುರಿಗಿ ಸೈತ ನೀರು ತೋರಸ್ತೇವ್ರಿ! ಗುಂಡು ಹೊಡದವ್ರೂ ಅವ್ರ, ನೀರು ಕಸಗೊಳ್ಳಾಕಿನೂ ಅವ್ರಾಕಿ. ಎಬ್ಬಸ್ರಿ ಈಕಿನ!” ಕುಬರಾ ಸ್ಟೂಲಿನಿಂದ ಕದಲಲಿಲ್ಲ. “ಬೈ ಅಕ್ಕಾ, ಮನಸ್ ತುಂಬಾ ಬೈ. ನಾನೂ ಮುಂಜಾನಿಂದ ಹನಿ ಕುಡದಿಲ್ಲ, ನಿನ್ನ ಮಗನ ಜೋಡಿ ರೋಜಾ ಹಿಡದೇನಿ. ಇಬ್ರೂ ಕೂಡೇ ಬಿಡ್ತೇವಿ” ಎಂದಳು. ಹುಡುಗನ ಸೋದರಮಾವ ಧೊಂಡಿಬಾ ಬಾಗಿಲಲ್ಲಿ ಬಡಿಗೆ ಹಿಡಿದ ಎಂಟು ಜನರೊಂದಿಗೆ ನಿಂತಿದ್ದ. ಅರೆಗಳಿಗೆ ಅವನಿಗೂ ನಗು ಬಂತು. ಮರುಗಳಿಗೆ ಆ ನಗುವಿಗೇ ಸಿಟ್ಟಾದ. “ಕಂಪೌಂಡರ್ ಸಾಹೇಬ್ರ, ಈಕಿ ತಾನ ಏಳ್ತಾಳೋ, ನಾವ ಎಬ್ಬಿಸಬೇಕೋ?” ಎಂದು ಕೇಳಿದ. ನಾನು, “ಈಕಿ ಮ್ಯಾಲ ನನಗ ಪೂರಾ ಭರೋಸ ಅದ. ಈಕಿನ ಎಬ್ಬಿಸಿದ್ರ ನಾನೂ ಕತ್ರಿ ಇಟ್ಟು ಏಳ್ತೇನಿ. ಆಮ್ಯಾಲ ಹನ್ನೆರಡೂ ಮಂದಿನ್ನ ನೀವ ನೋಡ್ಕೋರಿ” ಎಂದೆ. ಅವರು ಹೊರಗೆ ಹೋದರು; ಮನೆಗಲ್ಲ, ಜಗುಲಿಗೆ. ಬಡಿಗೆಗಳು ಕಿಟಕಿಯಿಂದ ಕಾಣುತ್ತಲೇ ಇದ್ದವು.

ನಾಡಿ ಒಂಬತ್ತಕ್ಕೆ ತೊಂಬತ್ತಾರು, ಹನ್ನೆರಡಕ್ಕೆ ನೂರ ಹನ್ನೆರಡು, ಎರಡಕ್ಕೆ ನೂರ ಇಪ್ಪತ್ತೆಂಟು. ಎರಡೂವರೆಗೆ ದತ್ತಾತ್ರಿ ಹತ್ತಿಯ ಜೊತೆ ಕುಬರಾಳ ಬೆರಳನ್ನೂ ಕಚ್ಚಿದ. ರಕ್ತ ಬಂತು. “ಹಲ್ಲು ಗಟ್ಟಿ ಅವರಿ ಸಾಬ, ಬದಕ್ತಾನ” ಎಂದಳು, ಅಷ್ಟೇ. ಮೂರು ನಲವತ್ತಕ್ಕೆ ಲಾರಿ ಬಂತು. ಅವನ ಕರುಳು ಹೊಲಿದಿದ್ದಾರೆ, ಬಹುಮಟ್ಟಿಗೆ ಅಪಾಯ ತಪ್ಪಿದೆ ಎಂದು ನಿನ್ನೆ ಬೀದರಿನಿಂದ ತಿಳಿದುಬಂತು. ಒಪ್ಪಿಸಿದ ಕೆಲಸವನ್ನು ನಡುವೆ ಕಿತ್ತುಕೊಳ್ಳಬಾರದೆಂಬುದಕ್ಕೆ ಇದನ್ನು ಬರೆದೆ.

ನಿನ್ನ ಮೇಟ್ರನ್ ಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕೈಗೆ ಒಳ್ಳೆಯ ಗುಣ ಕೊಡಲಿ.

ನಿನ್ನ ತಂದೆ,
ಜ್ಞಾನೇಶ್ವರ

ತಾ.ಕ. ಪತ್ರ ಒಯ್ಯುವ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಒಂದು ಸಂಗತಿಯನ್ನು ಬಿಟ್ಟಿದ್ದೇನೆ. ಅಂದು ಹತ್ತು ಗಂಟೆಗೆ ಸಂತಪುರದಿಂದ ಟಾಂಗಾದ ಅಬ್ದುಲ ವಾಹೀದ ಚೀಟಿ ತಂದಿದ್ದ. ಬಡಿಗೆಗಳನ್ನು ಕಂಡು ಒಳಗೆ ಬರದೆ ಹಿಂಬಾಗಿಲಲ್ಲಿ ನನ್ನ ಕೈಗೇ ಕೊಟ್ಟ. ಕುಬರಾಳ ತಂದೆ ಬದ್ರೋದ್ದೀನ ತೀರಿಕೊಂಡಿದ್ದರು. ಜುಮ್ಮಾ ನಮಾಜು ಮುಗಿದೊಡನೆ ಮಣ್ಣು, ಮಗಳು ಬಂದು ಮುಖ ನೋಡಲಿ ಎಂದಿತ್ತು. ಟಾಂಗಾ ಅವಳಿಗಾಗಿಯೇ ಬಂದಿತ್ತು. “ನಾ ಹೇಳ್ತೇನಿ, ನೀ ನಡಿ” ಎಂದು ಅದನ್ನು ಖಾಲಿ ಕಳುಹಿಸಿದೆ. ಹೇಳಿದ್ದು ಲಾರಿ ಬಂದ ಮೇಲೆ. ಅವಳು ಅಳಲಿಲ್ಲ. “ಹೋಗ್ತಿದ್ನೋ, ಕುಂದರ್ತಿದ್ನೋ, ಅದು ನಂದಿತ್ತಲ್ರಿ ಸಾಬ” ಎಂದು ದತ್ತಾತ್ರಿಯ ಪಕ್ಕದಲ್ಲೇ ಲಾರಿ ಹತ್ತಿ ಸಂತಪುರದಲ್ಲಿ ಇಳಿದಳಂತೆ. ವಾರ್ಡಿನ ಉಸ್ತುವಾರಿ ಒಪ್ಪಿಕೊಳ್ಳುವ ಮೊದಲು ನಿನಗೆ ಇದೂ ತಿಳಿದಿರಲಿ. ನಾಳೆ ನಾನು ಸಂತಪುರಕ್ಕೆ ಹೋಗುತ್ತಿದ್ದೇನೆ. ಅವಳನ್ನು ಕೆಲಸಕ್ಕೆ ಕರೆಯಲು ಅಲ್ಲ.