ಬೀಮಿನ ಮೇಲಿನ ನಗು

ಸುವಾನಿ, ಜಾರ್ಜಿಯಾ
೨೮ ಏಪ್ರಿಲ್ ೨೦೨೪

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ರಾಧಿಕಾಳ ನಮಸ್ಕಾರ. ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಕಲಿಸಿದವಳು ನೀನು. ಇವತ್ತು ಬರೆಯುವುದಿಲ್ಲ. ನಿನ್ನ ಮೊಮ್ಮಗಳು ಇಶಾ ಎಡಗಾಲಿಗೆ ಮೊಣಕಾಲಿನವರೆಗೆ ಆಸ್ಪತ್ರೆಯ ಬೂಟು ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದಾಳೆ. ನಿನ್ನ ಅಳಿಯ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೇನೆ. ನೀನು ಕೊಟ್ಟ ಹಿತ್ತಾಳೆ ಒಗ್ಗರಣೆ ಸೌಟಿನ ಹಿಡಿ ಮುರಿದಿದೆ.

ನಿನ್ನ ವಾಟ್ಸ್ಯಾಪ್ ಮಾತುಗಳಿಗೆ ಉತ್ತರ ಕೊಡಲಿಲ್ಲ ಎಂದು ತಮ್ಮ ಶಶಾಂಕನ ಹತ್ತಿರ ದೂರಿದೆಯಂತೆ. ತಡವಾಯಿತು, ಕ್ಷಮಿಸು. ಫೋನಿನಲ್ಲಿ ನಿನ್ನ ಜೊತೆ ಜಗಳ ಆಡಲು ನನಗೆ ಬರುವುದಿಲ್ಲ ಅಮ್ಮ. ನಾನು ಅಸಲು ವಿಷಯಕ್ಕೆ ಬರುವಷ್ಟರಲ್ಲಿ “ಊಟ ಆಯ್ತಾ? ಏನ್ ಸಾರು?” ಎಂದುಬಿಡುತ್ತೀಯ. ಕಾಗದವಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ತ್ಯಾಗರಾಜ ಅಂಕಲ್ ಬುಧವಾರ ಮೈಸೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಮಂಡಿನೋವಿನ ಮುಲಾಮು ಕೂಡ ಅದೇ ಚೀಲದಲ್ಲಿದೆ.

“ಆ ಕೋಚು ಮಗೂ ಭವಿಷ್ಯಾನೇ ಹಾಳ್ಮಾಡ್ಬಿಟ್ಲಂತಲ್ಲೇ, ಶ್ರೀಕರ್ ಹೇಳಿದ್ರು. ಅಂಥವಳನ್ನ ಯಾಕ್ ಇಟ್ಕೊಂಡಿದೀರಾ?” ಎಂದು ಕೇಳಿದ್ದೀಯ. ಅಳಿಯ ಹೇಳಿದ ಕತೆ ಕೇಳಿದೆಯಲ್ಲ, ಈಗ ನನ್ನದನ್ನು ಕೇಳು.

ಕೋಚಿನ ಹೆಸರು ಒತಿಲಿಯಾ ಬ್ರತು. ರೊಮೇನಿಯಾದವಳು, ಒಂದು ಕಾಲಕ್ಕೆ ಜಿಮ್ನಾಸ್ಟಿಕ್ಸಿನಲ್ಲಿ ಯುರೋಪಿಗೇ ಚಾಂಪಿಯನ್. ನಮ್ಮ ಕಡೆಯ ಮನೆಯವರೆಲ್ಲ ಅವಳು ಕಲಿಸುವ ಜಿಮ್ಮಿಗೇ ಮುಗಿಬಿದ್ದದ್ದು ಅವಳ ಪದಕ ನೋಡಿ ಎಂದುಕೊಳ್ಳಬೇಡ. ರೊಮೇನಿಯಾದವರು ತುಂಬಾ ಸ್ಟ್ರಿಕ್ಟು, ಮಕ್ಕಳನ್ನು ಅರೆದು ಹದ ಮಾಡುತ್ತಾರೆ ಎಂದು ಯಾರೋ ಕಿವಿಯಲ್ಲಿ ಊದಿದ್ದರು. ಮೇಷ್ಟ್ರು ಹೊಡೆದರೆ ವಿದ್ಯೆ ಹತ್ತುತ್ತದೆ ಎಂದು ನಂಬಿ ಬೆಳೆದ ಜನ ತಾನೆ ನಾವು? ಅಮೆರಿಕದಲ್ಲಿ ಹೊಡೆಯುವ ಮೇಷ್ಟ್ರು ಸಿಕ್ಕಿದರು ಎಂದು ಹಿಗ್ಗಿದೆವು.

ಹೋದ ವರ್ಷದ ಆಯುಧಪೂಜೆ ನೀನು ವಿಡಿಯೊದಲ್ಲಿ ನೋಡಿದ್ದೀಯ. ಬೀಮ್ ಎಂದರೆ ಅಂಗೈಯಗಲದ ತೊಲೆ, ಎದೆಯ ಎತ್ತರಕ್ಕೆ ಕೂರಿಸಿರುತ್ತಾರೆ, ಮಕ್ಕಳು ಅದರ ಮೇಲೆ ಲಾಗ ಹಾಕಬೇಕು. ಅದಕ್ಕೆ ಸಿದ್ಧಲಿಂಗೇಶ್ ಚೆಂಡುಹೂವಿನ ಹಾರ ಸುತ್ತಿದರು. ಅವರ ಮಗಳೂ ಇಶಾಳ ಜೊತೆಗೇ ಕಲಿಯುವವಳು. ನಾವು ಹೆಂಗಸರು ಅರಿಶಿನ ಕುಂಕುಮ ಹಚ್ಚಿದೆವು. ಒಳಗೆ ಬೂದುಗುಂಬಳ ಒಡೆಯಲು ಬಿಡಲಿಲ್ಲವೆಂದು ಗಂಡಸರು ಮಾಲೀಕನ ಮೇಲೆ ಮುನಿಸಿಕೊಂಡರು. ಆಮೇಲೆ ಒತಿಲಿಯಾಗೆ ರೇಷ್ಮೆ ಸೀರೆ ಕೊಟ್ಟು ಮಕ್ಕಳನ್ನೆಲ್ಲ ಅವಳ ಕಾಲಿಗೆ ಬೀಳಿಸಿದೆವು. ಅವಳು ಗಾಬರಿಯಾಗಿ ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡಳು. ನಾವೆಲ್ಲ ನಕ್ಕೆವು, ಪಾಪ, ಅಭ್ಯಾಸವಿಲ್ಲ ಎಂದು.

ಆದರೆ ಹೊಡೆಯುವ ಮೇಷ್ಟ್ರು ಸಿಕ್ಕಲೇ ಇಲ್ಲ. ಒತಿಲಿಯಾ ಗದರುವುದಿಲ್ಲ. ತೂಕದ ಯಂತ್ರವನ್ನು ಜಿಮ್ಮಿನೊಳಗೆ ಬಿಡುವುದಿಲ್ಲ. ಸುಸ್ತಾದ ಮಗುವನ್ನು ಮ್ಯಾಟಿನ ಮೇಲೆ ಮಲಗಿಸಿ ಕಿತ್ತಳೆ ಸುಲಿದುಕೊಡುತ್ತಾಳೆ. ಸಿದ್ಧಲಿಂಗೇಶರ ಮುಖ ಅದನ್ನು ನೋಡಿಯೇ ಹುಳ್ಳಗಾಗಿತ್ತು. “ರೊಮೇನಿಯಾದಾಕಿ ಅಂತ ಹೇಳಿ ಸೇರಿಸಿದ್ವಿ, ಇಕಿ ನೋಡಿದ್ರ ಅಂಗನವಾಡಿ ಟೀಚರ್ ಆಗ್ಯಾಳ” ಎಂದು ಲಾಬಿಯಲ್ಲಿ ಕೂತು ನಗಾಡುತ್ತಿದ್ದರು. ನಿನ್ನ ಅಳಿಯನೂ ಹೂಂಗುಟ್ಟುತ್ತಿದ್ದ. ಅಷ್ಟಾದರೂ ಇಶಾ ರೀಜನಲ್ಸ್ ತನಕ ಬಂದಳು. ಅದರಲ್ಲಿ ಗೆದ್ದರೆ ಮುಂದಿನದು ರಾಷ್ಟ್ರಮಟ್ಟದ ಕೂಟ. ಕಿತ್ತಳೆ ಸುಲಿದುಕೊಟ್ಟೂ ಮಕ್ಕಳನ್ನು ಅಲ್ಲಿಗೆ ತರಬಹುದು ಎಂಬುದು ಯಾರ ತಲೆಗೂ ಹೋಗಲಿಲ್ಲ.

ರೀಜನಲ್ಸ್ ಇದ್ದದ್ದು ಷಾರ್ಲೆಟ್‌ನಲ್ಲಿ. ಇಡೀ ದಾರಿ ಶ್ರೀಕರ್ ಅವಳ ಅಂಕಗಳ ಲೆಕ್ಕ ಹಾಕಿಕೊಂಡೇ ಡ್ರೈವ್ ಮಾಡಿದ. ಹಿಂದಿನ ಸೀಟಿನಲ್ಲಿ ಇಶಾ ಎಡಗಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಕೇಳಿದರೆ “ಐ ಆಮ್ ಫೈನ್ ಅಮ್ಮಾ, ಜಸ್ಟ್ ಕಂಫರ್ಟಬಲ್ ಆಗಿದೆ” ಎಂದಳು.

ಸ್ಪರ್ಧೆಗೆ ಮೊದಲು ಮಕ್ಕಳು ಬೀಮಿನ ಮೇಲೆ ಸ್ವಲ್ಪ ಹೊತ್ತು ಅಭ್ಯಾಸ ಮಾಡುತ್ತಾರೆ. ಇಶಾ ಚೆನ್ನಾಗಿಯೇ ಮಾಡಿದಳು. ಕೊನೆಗೆ ಕೆಳಗೆ ಹಾರಿ, ಎರಡೂ ಕೈ ಎತ್ತಿ, ಮುಖದ ತುಂಬ ನಕ್ಕಳು. ಶ್ರೀಕರ್ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ಹೊಡೆದ, ನಾನೂ ಹೊಡೆದೆ. ಒತಿಲಿಯಾ ಮಾತ್ರ ಓಡಿದಳು. ಇಶಾಳ ಮುಂದೆ ಮಂಡಿಯೂರಿ, ಅವಳ ಎಡಪಾದವನ್ನು ಕೈಯಲ್ಲಿ ಹಿಡಿದು, ಒಂದೇ ಒಂದು ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಳು. ಮಗುವಿನ ಕಣ್ಣಿಂದ ನೀರು ಸುರಿಯಿತು. ನಗು ಮಾತ್ರ ಹಾಗೇ ಇತ್ತು ಅಮ್ಮ. ಅಳುತ್ತಾ ನಗುತ್ತಿದ್ದಳು. ಒತಿಲಿಯಾ ನೇರವಾಗಿ ತೀರ್ಪುಗಾರರ ಮೇಜಿಗೆ ಹೋಗಿ ಅವಳ ಹೆಸರು ಹೊಡೆದುಹಾಕಿಸಿದಳು.

ಶ್ರೀಕರ್ ಕಟಕಟೆಯ ತನಕ ನುಗ್ಗಿ ಕೂಗಾಡಿದ. “ಟೇಪ್ ಸುತ್ತಿ ಮಾಡಿಸ್ಬೋದಿತ್ತು! ಒಂದ್ ರೊಟೀನ್, ಒಂದೂವರೆ ನಿಮಿಷ! ಇಷ್ಟು ವರ್ಷದ್ದೆಲ್ಲ ನೀರಲ್ಲಿ ಹೋಮ ಮಾಡಿದ್ಲಲ್ಲ ಇವ್ಳು!” ಕನ್ನಡದಲ್ಲಿ ಕೂಗಿದ್ದು ಪುಣ್ಯ.

ನಾನು ಇಶಾಳನ್ನು ಕಾರಿಡಾರಿಗೆ ಕರೆತಂದೆ. ಒತಿಲಿಯಾ ನೆಲದ ಮೇಲೆ ಕೂತು ಅವಳ ಪಾದಕ್ಕೆ ಐಸ್ ಒತ್ತಿ ಹಿಡಿದಳು. ಅಷ್ಟು ದೂರದಿಂದ ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಕಾಲು ನೋಡಿ ಅಲ್ಲ, ನಗು ನೋಡಿ. ಆ ನಗು ನಂದು” ಎಂದಳು. ಆಮೇಲೆ ಐಸ್ ಹಿಡಿದುಕೊಂಡೇ ತನ್ನ ಕತೆ ಹೇಳಿದಳು.

ಬಟ್ಟೆ ಗಿರಣಿಯ ಊರು ಅವಳದು. ತಾಯಿ ಗಿರಣಿಯ ಕೆಲಸದವಳು. ಆರು ವರ್ಷದ ಹುಡುಗಿಯನ್ನು ಶಾಲೆಯ ಸಾಲಿನಿಂದ ಆರಿಸಿ ಬೆಟ್ಟದ ಮೇಲಿನ ತರಬೇತಿ ಶಿಬಿರಕ್ಕೆ ಒಯ್ದರಂತೆ. ದಿನಾ ಬೆಳಿಗ್ಗೆ ತೂಕ. ತೂಕ ಏರಿದವಳಿಗೆ ಅವತ್ತು ಬರೀ ಸೇಬು. ಬ್ರೆಡ್ಡನ್ನು ದಿಂಬಿನ ಗವುಸಿನಲ್ಲಿ ಬಚ್ಚಿಟ್ಟುಕೊಂಡು ತಿನ್ನುತ್ತಿದ್ದೆ ಎಂದು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ದೇಶದ ಕಿರಿಯರ ಚಾಂಪಿಯನ್. ಹದಿನೈದಕ್ಕೆ ದೊಡ್ಡವರ ತಂಡ. ಬೀಮಿನ ಮೇಲೆ ಒಂಟಿ ಕಾಲಲ್ಲಿ ಕುಕ್ಕರಗಾಲು ಕೂತು ಬುಗುರಿ ಹಾಗೆ ತಿರುಗುತ್ತಿದ್ದಳಂತೆ, ಬೇರೆ ದೇಶದ ಕೋಚುಗಳೆಲ್ಲ ತಮ್ಮ ಹುಡುಗಿಯರನ್ನು ಬಿಟ್ಟು ಇವಳನ್ನು ನೋಡಲು ಬರುತ್ತಿದ್ದರಂತೆ. ಅದನ್ನು ಹೇಳುವಾಗ ನೆಲದ ಮೇಲೆ ಕೂತಿದ್ದವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅವಳಿಗೆ ಆಟದ ಮೇಲೆ ಹೆಮ್ಮೆ ಇದೆ ಅಮ್ಮ. ಆಟದ ಮೇಲೆ ಅವಳಿಗೆ ಸಿಟ್ಟಿಲ್ಲ.

ತೊಂಬತ್ತಾರರ ವಸಂತದಲ್ಲಿ, ಹದಿನೇಳರ ಹುಡುಗಿ, ಯುರೋಪಿನ ದೊಡ್ಡ ಕೂಟಕ್ಕೆ ಬಂದಾಗ ಬಲಪಾದ ಆಗಲೇ ನೋಯುತ್ತಿತ್ತು. ಹೇಳಿದಳು. ಕೋಚು ಟೇಪು ಸುತ್ತಿ, “ಚಿನ್ನ ಗೆದ್ದು ಬಾ, ಆಮೇಲೆ ಅಳುವೆಯಂತೆ” ಎಂದನಂತೆ. ಗೆದ್ದಳು. ಬೀಮಿನಿಂದ ಹಾರಿ ನೆಲ ಮುಟ್ಟಿದಾಗ ಪಾದದೊಳಗೆ ಲಟಕ್ ಎಂದದ್ದು ಅವಳಿಗೆ ಕೇಳಿಸಿತು. ನಗುತ್ತಾ ಕೈ ಎತ್ತಿ ನಿಂತಳು. ಮಾರನೆಯ ದಿನ ಅವರ ಪತ್ರಿಕೆಗಳಲ್ಲೆಲ್ಲ ಅದೇ ನಗು. ಆ ವರ್ಷ ಒಲಿಂಪಿಕ್ಸ್ ನಡೆದದ್ದು ಎಲ್ಲಿ ಹೇಳು? ಇದೇ ಅಟ್ಲಾಂಟಾದಲ್ಲಿ. ತಂಡದವರು ವಿಮಾನ ಹತ್ತಿದರು, ಇವಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತಾಯಿಯ ಮನೆಯಲ್ಲಿ ಟಿವಿ ನೋಡಿದಳು. ಮುಂದೆ ಯಾವ ಕೂಟದಲ್ಲೂ ಆಡಲಾಗಲಿಲ್ಲ. ಆಟಗಾರ್ತಿಯಾಗಿ ಬರಬೇಕಿದ್ದ ಊರಿಗೆ ಎಷ್ಟೋ ವರ್ಷದ ಮೇಲೆ ಬೇರೆಯವರ ಮಕ್ಕಳಿಗೆ ಕಲಿಸಲು ಬಂದಳು. ಚಳಿಗಾಲದಲ್ಲಿ ಈಗಲೂ ಕುಂಟುತ್ತಾಳೆ. ಆಯುಧಪೂಜೆಯ ದಿನ ಎಳೆದುಕೊಂಡದ್ದು ಅದೇ ಕಾಲು.

ಮೂರನೆಯ ದಿನ ಇಶಾಳ ಕಾಲಿನ ಎಂಆರ್‌ಐ ಆಯಿತು. ಪಾದದ ನಡುವಿನ ಮೂಳೆಯಲ್ಲಿ ಸೀಳು. ಇನ್ನೊಂದು ಸಲ ಬೀಮಿನಿಂದ ಹಾರಿದ್ದರೆ ಮೂಳೆ ಎರಡು ಹೋಳಾಗಬಹುದಿತ್ತು, ಆಮೇಲೆ ಆಟ ಹಾಗಿರಲಿ, ಸರಿಯಾಗಿ ನಡೆಯುವುದೂ ಕಷ್ಟವಾಗುತ್ತಿತ್ತು ಎಂದರು ಡಾಕ್ಟರ್. ಈಗಲಾದರೂ ನಿನ್ನ ಅಳಿಯ ತಲೆ ತಗ್ಗಿಸುತ್ತಾನೆ ಎಂದುಕೊಂಡೆ. ಅವನು ಕಾರಿನಲ್ಲಿ ಹೇಳಿದ್ದೇನು ಗೊತ್ತಾ? “ಹಾಗಾದ್ರೆ ಮೊದ್ಲೇ ಯಾಕ್ ಕಂಡ್ಹಿಡೀಲಿಲ್ಲ ಅವ್ಳು? ಇನ್‌ಕಾಂಪಿಟೆಂಟ್!” ಆಡಿಸದಿದ್ದದ್ದೂ ಅವಳದೇ ತಪ್ಪು, ಆಡಿಸಿದ್ದೂ ಅವಳದೇ ತಪ್ಪು.

ಸಿದ್ಧಲಿಂಗೇಶ್ ಮತ್ತು ಇವನು ಸೇರಿ ಮಾಲೀಕನ ಹತ್ತಿರ ಹೋದರು. ಇವಳಿದ್ದರೆ ನಮ್ಮ ಮಕ್ಕಳನ್ನೆಲ್ಲ ಬೇರೆ ಜಿಮ್ಮಿಗೆ ಸೇರಿಸುತ್ತೇವೆ ಎಂದರು. ಮಾಲೀಕನಿಗೆ ಯಾವ ರೊಮೇನಿಯಾ, ಯಾವ ಚಿನ್ನ? ಜೂನ್‌ನಿಂದ ಬರುವುದು ಬೇಡ ಎಂದು ಅವಳಿಗೆ ಹೇಳಿಬಿಟ್ಟ. ಸುದ್ದಿ ತಿಳಿದು ನಾನು ಲಾಬಿಗೆ ಹೋಗಿ ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದೆ. “ಸೀರೆ ಕೊಟ್ಟು ಕಾಲಿಗೆ ಬೀಳ್ಸಿದ್ದೂ ನೀವೇ, ಈಗ ಕತ್ತು ಹಿಡಿದು ತಳ್ತಿರೋದೂ ನೀವೇ. ನಾಚಿಕೆ ಆಗಲ್ವಾ ನಿಮಗೆ? ಗುರು ಬೇಕಿರಲಿಲ್ಲ ನಿಮಗೆ, ಬೆತ್ತ ಬೇಕಿತ್ತು!” ಎಂದೆ. ಸಿದ್ಧಲಿಂಗೇಶ್ ಫೋನ್ ನೋಡತೊಡಗಿದರು. ಶ್ರೀಕರ್ ಕಾರಿನ ಕೀಲಿ ಎತ್ತಿಕೊಂಡು ಹೊರಟುಹೋದ. ಮಾತು ಬಿಟ್ಟದ್ದು ಅವತ್ತಿನಿಂದ. ಬಿಡಲಿ. ಅವನೇ ಮೊದಲು ಬಾಯಿ ತೆರೆಯಬೇಕು, ಅದೂ ಒತಿಲಿಯಾಳ ಮುಂದೆ.

ನಿನ್ನೆ ಒತಿಲಿಯಾ ಮನೆಗೆ ಬಂದಿದ್ದಳು. ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಕೆಲಸ ಸಿಕ್ಕಿದೆ, ಹೊರಡುತ್ತಾಳೆ. ನಾನು ಕೊಟ್ಟ ಮಜ್ಜಿಗೆಹುಳಿ ಅನ್ನ ಎರಡು ಸಲ ಹಾಕಿಸಿಕೊಂಡು ಉಂಡಳು. ಇಶಾ ಅವಳನ್ನು ಕೇಳಿದಳು, ಮತ್ತೆ ಆಡಬಹುದಾ ಎಂದು. “ಮೂಳೆ ಕೂಡುತ್ತೆ. ಅದಕ್ಕೆ ಮೊದಲು ಒಂದು ಕಲಿಬೇಕು” ಎಂದು ಅವಳ ಬಲಗೈಯ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿದಳು. “ನೋವಾದ ತಕ್ಷಣ ಹೇಳು, ಬಿಡ್ತೀನಿ.” ಇಶಾ ಹೇಳಲಿಲ್ಲ, ನಕ್ಕಳು. ಒತಿಲಿಯಾ ಬಿಟ್ಟು ಮತ್ತೆ ಹಿಡಿದಳು. ಮತ್ತೆ ಅದೇ ನಗು. ಹದಿಮೂರು ವರ್ಷದ ಹುಡುಗಿಗೆ ನೋಯುತ್ತಿದೆ ಎಂದು ಹೇಳಲು ಬಾಯಿ ಬರುತ್ತಿಲ್ಲ! ಎಷ್ಟೋ ಸಲ ಆದ ಮೇಲೆ ಇಶಾ “ಇಟ್ ಹರ್ಟ್ಸ್” ಎಂದು ಗಟ್ಟಿಯಾಗಿ ಕೂಗಿ ಅವಳ ಹೆಗಲ ಮೇಲೆ ಬಿದ್ದು ಅತ್ತಳು. “ಇದು ಚಿನ್ನ” ಎಂದಳು ಒತಿಲಿಯಾ.

ನಾನು ನಿರ್ಧಾರ ಮಾಡಿದ್ದೇನೆ. ಇಶಾಳ ಕಾಲು ವಾಸಿಯಾದ ಮೇಲೆ ಅವಳಿಗೆ ಇಷ್ಟವಿದ್ದರೆ ಪ್ರತಿ ಶನಿವಾರ ಗ್ರೀನ್‌ವಿಲ್‌ಗೆ ನಾನೇ ಡ್ರೈವ್ ಮಾಡುತ್ತೇನೆ. ಇಷ್ಟವಿಲ್ಲದಿದ್ದರೆ ಮನೆಯಲ್ಲಿ ಕೂತು ಕಿತ್ತಳೆ ತಿನ್ನುತ್ತೇವೆ. ಅಳಿಯನ ಪರ ವಕಾಲತ್ತು ಮಾಡಲು ನೀನು ಫೋನ್ ಮಾಡಬೇಡ.

ಮುಲಾಮನ್ನು ಮಲಗುವ ಮುಂಚೆ ಹಚ್ಚಿಕೋ, ಮೇಲೆ ಬಿಸಿನೀರಿನ ಬಟ್ಟೆ ಬೇಡ. ಶಶಾಂಕನ ಮಗುವಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಆಶೀರ್ವಾದ ಇಶಾಳಿಗಿರಲಿ. ಬುದ್ಧಿಮಾತು ಸದ್ಯಕ್ಕೆ ಬೇಡ.

ನಿನ್ನ
ರಾಧಿಕಾ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಮತ್ತೆ ಹರಿದೆ. ಶ್ರೀಕರನನ್ನೂ ಸಿದ್ಧಲಿಂಗೇಶರನ್ನೂ ಬೈದು ಮುಗಿಸಿದರೂ ಸಿಟ್ಟು ಇಳಿಯಲಿಲ್ಲ ಅಮ್ಮ. ಅದು ನಿನ್ನ ಮೇಲಿನದು.

ಎಷ್ಟು ದಿನದಿಂದ ನೋವಿತ್ತು, ಯಾಕೆ ಹೇಳಲಿಲ್ಲ ಎಂದು ಡಾಕ್ಟರ್ ಕೇಳಿದಾಗ ಇಶಾ ಇಂಗ್ಲಿಷಿನಲ್ಲಿ ಶುರುಮಾಡಿ, ನಡುವೆ ತನ್ನ ಮುದ್ದು ಕನ್ನಡದಲ್ಲಿ ಹೇಳಿದಳು: “ಅಜ್ಜಿ ಸೇಸ್, ನೋವು ಕಾಲಲ್ಲಿರ್ಲಿ, ನಗು ಮುಖದಲ್ಲಿರ್ಲಿ.” ಭಾನುವಾರದ ವಿಡಿಯೊ ಕರೆಗಳಲ್ಲಿ ನೀನು ಅವಳಿಗೆ ನನ್ನ ರಂಗಪ್ರವೇಶದ ಕತೆ ಹೇಳುತ್ತಿದ್ದೆಯಂತೆ. ನಿಮ್ಮಮ್ಮ ಮೂಳೆ ಸೀಳಿದ್ದ ಎಡಗಾಲಲ್ಲೇ ಪೂರ್ತಿ ಕುಣಿದಳು, ಎಷ್ಟು ಚೆನ್ನಾಗಿ ನಗ್ತಿದ್ದಳು ಅಂದ್ರೆ ಹೆತ್ತ ನಂಗೇ ಗೊತ್ತಾಗಲಿಲ್ಲ, ಎಂದು. ಹಾಲಿನ ಗೋಡೆಯ ಮೇಲಿನ ನನ್ನ ಆ ಫೋಟೊವನ್ನೂ ಕ್ಯಾಮೆರಾದಲ್ಲಿ ತೋರಿಸಿದೆಯಂತೆ. ನನಗೂ ಗೊತ್ತಾಗದ ಹಾಗೆ ನಗುವುದನ್ನು ಅವಳು ಕಲಿತದ್ದು ಅದನ್ನು ನೋಡಿ.

ಆಮೇಲೆ ನಾನು ಒಂದು ದಿನವೂ ಕುಣಿಯಲಿಲ್ಲ ಎಂಬುದನ್ನು ಅವಳಿಗೆ ಹೇಳಿದೆಯಾ?

ಇಷ್ಟು ವರ್ಷ ನೀನು ಬಂದವರಿಗೆಲ್ಲ ಹೇಳುತ್ತಾ ಬಂದಿದ್ದೀಯ, “ಮಂಗಳ ಮುಗಿಯೋ ತನಕ ನಂಗೆ ಗೊತ್ತೇ ಇರಲಿಲ್ಲ” ಎಂದು. ನಾನೂ ಸುಮ್ಮನೆ ಕೇಳಿಸಿಕೊಂಡಿದ್ದೇನೆ. ಆದರೆ ಅವತ್ತು ನನ್ನ ಕಾಲಿಗೆ ಗೆಜ್ಜೆ ಕಟ್ಟಿದವಳು ನೀನು. ಬಲಗಾಲಿನ ಪಟ್ಟಿಯನ್ನು ಎಂದಿನ ತೂತಿಗೆ ಹಾಕಿದೆ. ಎಡಗಾಲಿನದನ್ನು ಹಾಕಲು ಹೋಗಿ ನಿಲ್ಲಿಸಿದೆ, ನನ್ನ ಮುಖ ನೋಡಿದೆ, ಆಮೇಲೆ ಒಂದು ತೂತು ಸಡಿಲ ಮಾಡಿ ಬಿಗಿದೆ.